ತಿಂಗಳಿಗೆ 600 ಎಂಬಿ ಮಾತ್ರ ಬಳಸುವವರು ಪ್ರೀಪೇಯ್ಡ್ ಪ್ಯಾಕನ್ನು ಹೇಗೆ ಆರಿಸಬೇಕು?

ಪ್ರಶ್ನೆ (ಮಿತಬಳಕೆ)

ಮಾನ್ಯರೇ,

ನನ್ನ ಇಂಟರ್ನೆಟ್ ಬಳಕೆ ಬಹಳ ಕಡಿಮೆ. ಕಳೆದ ಮೂರು ತಿಂಗಳಿಂದ ಫೋನಿನ ಡೇಟಾ ಮೀಟರ್ ತೋರಿಸುವ ಅಂಕಿಯನ್ನು ತಿಂಗಳ ಕೊನೆಯ ದಿನ ತಪ್ಪದೆ ಬರೆದಿಟ್ಟುಕೊಂಡು ಬಂದಿದ್ದೇನೆ: 570 ಎಂಬಿ, 640 ಎಂಬಿ, 610 ಎಂಬಿ. ಅಂದರೆ ದಿನಕ್ಕೆ ಹೆಚ್ಚುಕಡಿಮೆ 20 ಎಂಬಿ. ಇಮೇಲ್ ನೋಡುತ್ತೇನೆ, ಬೆಳಿಗ್ಗೆ ಸುದ್ದಿಯ ಎರಡು ಮೂರು ಪುಟ ಓದುತ್ತೇನೆ, ಬ್ಯಾಂಕಿನ ಕೆಲಸ ಮಾಡಿಕೊಳ್ಳುತ್ತೇನೆ, ಒಂದಿಷ್ಟು ಸಂದೇಶ ಕಳುಹಿಸುತ್ತೇನೆ, ವಾರಕ್ಕೊಮ್ಮೆ ದೂರದಲ್ಲಿರುವ ಮಗಳೊಂದಿಗೆ ಹತ್ತು ನಿಮಿಷ ವಿಡಿಯೊ ಕರೆಯಲ್ಲಿ ಮಾತನಾಡುತ್ತೇನೆ. ಮನೆಗೆ ಬೇರೆ ಇಂಟರ್ನೆಟ್ ಸಂಪರ್ಕವಿಲ್ಲ. ಇರುವುದು ಈ ಮೊಬೈಲ್ ಸಂಪರ್ಕ ಒಂದೇ. ಅಗತ್ಯ ಬಿದ್ದಾಗ ಇದರಿಂದಲೇ ಲ್ಯಾಪ್‌ಟಾಪಿಗೂ ಹಾಟ್‌ಸ್ಪಾಟ್ ಕೊಡುತ್ತೇನೆ.

ಕಂಪನಿಯ ಆ್ಯಪ್ ತೆರೆದರೆ ಮೊದಲು ಕಾಣುವುದು ದಿನಕ್ಕೆ 1 ಜಿಬಿ ಕೊಡುವ ಪ್ಯಾಕ್. ಅದರಲ್ಲಿ ನಾನು ಬಳಸುವುದು ಐವತ್ತನೆಯ ಒಂದು ಪಾಲು. ಕೆಳಗೆ ಸಣ್ಣ ಪ್ಯಾಕ್‌ಗಳೂ ಇವೆ, ಆದರೆ ಜಿಬಿಗೆ ಎಷ್ಟು ಬಿತ್ತು ಎಂದು ಲೆಕ್ಕ ಹಾಕಿದರೆ ಸಣ್ಣ ಪ್ಯಾಕೇ ದುಬಾರಿ ಎನಿಸುತ್ತದೆ. ಹೋದ ತಿಂಗಳು ಮನಸ್ಸು ಗಟ್ಟಿ ಮಾಡಿ ಏಳು ದಿನದ 1 ಜಿಬಿ ಪ್ಯಾಕ್ ಹಾಕಿಸಿಕೊಂಡೆ. ಎಂಟನೆಯ ದಿನ ಬೆಳಿಗ್ಗೆ 800 ಎಂಬಿಗೂ ಹೆಚ್ಚು ಡೇಟಾ ಉಳಿದಿರುವಾಗಲೇ ಸಂಪರ್ಕ ನಿಂತುಹೋಯಿತು. ದುಡ್ಡು ಕೊಟ್ಟು ಕೊಂಡ ವಸ್ತುವನ್ನು ಮುಟ್ಟುವ ಮೊದಲೇ ಕಸಿದುಕೊಂಡ ಹಾಗೆ ನನಗೆ ಅನ್ನಿಸಿತು.

ತಿಳಿದವರಲ್ಲಿ ಮೂರು ವಿಷಯ ಕೇಳುತ್ತೇನೆ. ಜಿಬಿಗೆ ಇಷ್ಟು ಎಂಬ ಲೆಕ್ಕದಿಂದ ನನ್ನಂಥವರು ಪ್ಯಾಕ್ ಆರಿಸುವುದು ಸರಿಯೇ? ಕಡಿಮೆ ಬಳಸುವವರ ಮೇಲೆಯೇ ಹೆಚ್ಚು ದರ ಏಕೆ ಬೀಳುತ್ತದೆ? ಇನ್ನೊಂದು, ಕಂಪನಿಯ ಲೆಕ್ಕ ನನ್ನ ಫೋನಿನ ಲೆಕ್ಕಕ್ಕಿಂತ ಪ್ರತಿ ತಿಂಗಳೂ 40ರಿಂದ 60 ಎಂಬಿ ಹೆಚ್ಚು ತೋರಿಸುತ್ತದೆ. ಡೇಟಾ ಉಳಿಸಲೆಂದು ಕೆಲಸವಿಲ್ಲದಾಗ ಮೊಬೈಲ್ ಡೇಟಾವನ್ನು ಆಫ್ ಮಾಡಿಯೇ ಇಡುತ್ತೇನೆ. ಆದರೂ ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ?

ಉತ್ತರ 1 (ಲೆಕ್ಕಪುಸ್ತಕ)

ಮೂರು ತಿಂಗಳ ಅಂಕಿಗಳನ್ನು ಬರೆದಿಟ್ಟುಕೊಂಡು ಬಂದು ಕೇಳಿರುವುದಕ್ಕೆ ಮೊದಲು ಧನ್ಯವಾದ ಹೇಳಬೇಕು. ಇಂಥ ಪ್ರಶ್ನೆ ಕೇಳುವ ಹೆಚ್ಚಿನವರಿಗೆ ತಮ್ಮ ಬಳಕೆ ಎಷ್ಟೆಂಬುದೇ ಗೊತ್ತಿರುವುದಿಲ್ಲ, ಆಗ ಯಾರೂ ಸರಿಯಾದ ಸಲಹೆ ಕೊಡಲಾರರು.

ಜಿಬಿಗೆ ಇಷ್ಟು ಎಂಬ ಲೆಕ್ಕ ನಿಮ್ಮ ವಿಷಯದಲ್ಲಿ ದಾರಿ ತಪ್ಪಿಸುತ್ತದೆ. ಒಂದು ಕಲ್ಪಿತ ಉದಾಹರಣೆಯಿಂದ ವಿವರಿಸುತ್ತೇನೆ. ಅಂಕಿಗಳು ಯಾವ ಕಂಪನಿಯವೂ ಅಲ್ಲ, ಬೆಲೆಗಳ ನಡುವಿನ ಪ್ರಮಾಣವನ್ನಷ್ಟೇ ಗಮನಿಸಿ. ಏಳು ದಿನಕ್ಕೆ 1 ಜಿಬಿ ಕೊಡುವ ವಾರದ ಪ್ಯಾಕಿನ ಬೆಲೆಯನ್ನು 1 ಎಂದು ಇಟ್ಟುಕೊಳ್ಳೋಣ. 28 ದಿನಕ್ಕೆ 2 ಜಿಬಿ ಕೊಡುವ ಪ್ಯಾಕಿನ ಬೆಲೆ 3, 84 ದಿನಕ್ಕೆ 6 ಜಿಬಿ ಕೊಡುವುದರ ಬೆಲೆ 7, ವರ್ಷಕ್ಕೆ 12 ಜಿಬಿ ಕೊಡುವುದರ ಬೆಲೆ 20, ಮತ್ತು 28 ದಿನಗಳ ಕಾಲ ದಿನಕ್ಕೆ 1 ಜಿಬಿ ಕೊಡುವ ದಿನಮಿತಿಯ ಪ್ಯಾಕಿನ ಬೆಲೆ 5 ಆಗಿರಲಿ.

ಈಗ ಜಿಬಿ ಲೆಕ್ಕ ಹಾಕಿ ನೋಡಿ. ದಿನಮಿತಿಯ ಪ್ಯಾಕಿನಲ್ಲಿ ಜಿಬಿಗೆ ಬೀಳುವುದು ಸುಮಾರು 0.18, ವಾರದ್ದರಲ್ಲಿ 1, 84 ದಿನದ್ದರಲ್ಲಿ ಸುಮಾರು 1.17, 28 ದಿನದ್ದರಲ್ಲಿ 1.5, ವರ್ಷದ್ದರಲ್ಲಿ ಸುಮಾರು 1.67. ಜಾಹೀರಾತು ಹೇಳುವ ಪ್ರಕಾರ ದಿನಮಿತಿಯ ಪ್ಯಾಕ್ ಎಲ್ಲಕ್ಕಿಂತ ಅಗ್ಗ, ವರ್ಷದ ಪ್ಯಾಕ್ ಎಲ್ಲಕ್ಕಿಂತ ದುಬಾರಿ. ಆದರೆ ನಿಮ್ಮ ಅಗತ್ಯ 28 ದಿನಕ್ಕೆ 560 ಎಂಬಿ ಅಷ್ಟೇ. ಆದ್ದರಿಂದ ಅದೇ 28 ದಿನ ಸಂಪರ್ಕದಲ್ಲಿರಲು ನಿಮ್ಮ ಜೇಬಿನಿಂದ ಎಷ್ಟು ಹೋಗುತ್ತದೆ ಎಂದು ನೋಡಬೇಕು. ದಿನಮಿತಿಯ ಪ್ಯಾಕಿಗೆ 5 ಹೋಗುತ್ತದೆ, ವಾರದ ಪ್ಯಾಕನ್ನು ನಾಲ್ಕು ಸಲ ಹಾಕಿಸಿದರೆ 4, 28 ದಿನದ್ದಕ್ಕೆ 3, 84 ದಿನದ್ದಕ್ಕೆ ಸುಮಾರು 2.33, ವರ್ಷದ್ದಕ್ಕೆ ಸುಮಾರು 1.53. ಅನುಕ್ರಮ ಬಹುಮಟ್ಟಿಗೆ ತಲೆಕೆಳಗಾಯಿತು: ಜಿಬಿ ಲೆಕ್ಕದಲ್ಲಿ ಯಾವುದು ಅತಿ ಅಗ್ಗವೋ ಅದೇ ನಿಮಗೆ ಅತಿ ದುಬಾರಿ, ಯಾವುದು ಅತಿ ದುಬಾರಿಯೋ ಅದೇ ನಿಮಗೆ ಅತಿ ಅಗ್ಗ. ಎಲ್ಲ ಕಂಪನಿಗಳ ದರಪಟ್ಟಿಯೂ ಇಷ್ಟು ಅಚ್ಚುಕಟ್ಟಾಗಿ ತಿರುಗಿ ನಿಲ್ಲುವುದಿಲ್ಲ ಎಂಬುದನ್ನು ಒಪ್ಪುತ್ತೇನೆ, ಆದರೆ ಅದು ವಾಲುವ ದಿಕ್ಕು ಸಾಮಾನ್ಯವಾಗಿ ಇದೇ.

ಹಾಗಾಗಿ ನೀವು ಮಾಡಬೇಕಾದದ್ದು ಇಷ್ಟು. ನಿಮ್ಮ ಬಳಕೆಗೆ ಸಾಕಾಗದ ಪ್ಯಾಕ್‌ಗಳನ್ನು ಮೊದಲು ಪಕ್ಕಕ್ಕಿಡಿ. ಉಳಿದವುಗಳ ಬೆಲೆಯನ್ನು ವ್ಯಾಲಿಡಿಟಿಯ ದಿನಗಳಿಂದ ಭಾಗಿಸಿ, ದಿನಕ್ಕೆ ಎಷ್ಟು ಬಿತ್ತು ಎಂಬುದನ್ನು ಹೋಲಿಸಿ. ಸಾಕಾಗುತ್ತದೆಯೇ ಎಂಬುದನ್ನೂ ದಿನದ ಲೆಕ್ಕದಲ್ಲೇ ನೋಡಿ. ಮೇಲಿನ ಉದಾಹರಣೆಯ ವರ್ಷದ ಪ್ಯಾಕ್ ದಿನಕ್ಕೆ ಸುಮಾರು 33 ಎಂಬಿ ಕೊಡುತ್ತದೆ, ನಿಮ್ಮ ಬಳಕೆ 20. ಹೆಚ್ಚು ಕೆಲಸ ಬಿದ್ದ ತಿಂಗಳಿಗೆ ಒಂದಿಷ್ಟು ಹೆಚ್ಚುವರಿ ಇದ್ದೇ ಇದೆ. ಅದೇ ದಿನಕ್ಕೆ 50 ಎಂಬಿ ಬಳಸುವವರಿಗೆ ವರ್ಷದ್ದು ಸಾಲದು, ದಿನಕ್ಕೆ ಸುಮಾರು 71 ಎಂಬಿ ಕೊಡುವ 84 ದಿನದ ಪ್ಯಾಕ್ ಬೇಕಾಗುತ್ತದೆ.

ಇನ್ನೊಂದು ಸಣ್ಣ ಅಂಶ. 28 ದಿನದ ಪ್ಯಾಕನ್ನು ನಾವು ಬಾಯಿಮಾತಿನಲ್ಲಿ ತಿಂಗಳ ಪ್ಯಾಕ್ ಎನ್ನುತ್ತೇವೆ, ಆದರೆ 365ನ್ನು 28ರಿಂದ ಭಾಗಿಸಿದರೆ ಹದಿಮೂರಕ್ಕೂ ತುಸು ಹೆಚ್ಚೇ ಬರುತ್ತದೆ. ವರ್ಷಕ್ಕೆ ಹನ್ನೆರಡು ರೀಚಾರ್ಜ್ ಎಂದು ಎಣಿಸಿದ್ದವರು ಹದಿಮೂರು ಮಾಡುತ್ತಿರುತ್ತಾರೆ, ಅಂದರೆ ಅಂದುಕೊಂಡದ್ದಕ್ಕಿಂತ ಶೇಕಡಾ 8ರಷ್ಟು ಹೆಚ್ಚು ಖರ್ಚು.

ಉತ್ತರ 2 (ಗೇಟ್‌ವೇ)

ನಾನು ಹಲವು ವರ್ಷ ಮೊಬೈಲ್ ಜಾಲಗಳ ಚಾರ್ಜಿಂಗ್ ವ್ಯವಸ್ಥೆಯಲ್ಲಿ, ಅಂದರೆ ಗ್ರಾಹಕರ ಬಳಕೆಯನ್ನು ಎಣಿಸಿ ಕಡಿತ ಮಾಡುವ ವ್ಯವಸ್ಥೆಯಲ್ಲಿ, ಕೆಲಸ ಮಾಡಿದ್ದೇನೆ. ಎರಡನೆಯ ಮತ್ತು ಮೂರನೆಯ ಪ್ರಶ್ನೆಗೆ ನನ್ನ ಅನುಭವದ ಮಟ್ಟಿಗೆ ಉತ್ತರಿಸುತ್ತೇನೆ.

ಜಾಲವನ್ನು ಕಟ್ಟುವವರು ತಿಂಗಳಿಗೆ ಒಟ್ಟು ಎಷ್ಟು ಜಿಬಿ ಹರಿಯುತ್ತದೆ ಎಂಬುದಕ್ಕಿಂತ, ಅತಿ ಹೆಚ್ಚು ಜನ ಒಟ್ಟಿಗೆ ಬಳಸುವ ಗಂಟೆಯಲ್ಲಿ ಸೆಕೆಂಡಿಗೆ ಎಷ್ಟು ಹರಿಯಬೇಕು ಎಂಬುದನ್ನು ನೋಡಿ ಗೋಪುರ, ತರಂಗಾಂತರ ಮತ್ತು ಸಂಪರ್ಕ ಮಾರ್ಗಗಳಿಗೆ ಹಣ ಹಾಕುತ್ತಾರೆ. ಅಷ್ಟು ಕಟ್ಟಿದ ಮೇಲೆ ಬೆಳಗಿನ ಜಾವ ಮೂರು ಗಂಟೆಗೆ ಒಬ್ಬರು ಒಂದು ಜಿಬಿ ಹೆಚ್ಚು ಬಳಸಿದರೆ ಕಂಪನಿಗೆ ತಗಲುವ ಹೆಚ್ಚುವರಿ ವೆಚ್ಚ ತೀರಾ ಅಲ್ಪ. ಇನ್ನೊಂದೆಡೆ, ನೀವು ಡೇಟಾ ಮುಟ್ಟಲಿ ಬಿಡಲಿ, ನಿಮ್ಮ ಸಂಖ್ಯೆಯನ್ನು ಚಂದಾದಾರರ ದತ್ತಾಂಶದಲ್ಲಿ ಇಟ್ಟುಕೊಳ್ಳುವುದು, ಫೋನ್ ಎಲ್ಲಿದೆ ಎಂದು ಜಾಲ ಗುರುತಿಟ್ಟುಕೊಳ್ಳುವುದು, ಗ್ರಾಹಕ ಸೇವೆ, ರೀಚಾರ್ಜ್ ಮಾರುವವರ ಕಮಿಷನ್, ಹಣ ಪಾವತಿಯ ಶುಲ್ಕ ಇವೆಲ್ಲ ಒಬ್ಬೊಬ್ಬ ಗ್ರಾಹಕರಿಗೂ ತಗಲುತ್ತಲೇ ಇರುತ್ತವೆ. ಪೋಸ್ಟ್‌ಪೇಯ್ಡ್ ಬಿಲ್ಲಿನಲ್ಲಿ ಈ ಭಾಗ ಮಾಸಿಕ ಬಾಡಿಗೆ ಎಂಬ ಹೆಸರಿನಲ್ಲಿ ಕಣ್ಣಿಗೆ ಕಾಣುತ್ತದೆ. ಪ್ರೀಪೇಯ್ಡ್‌ನಲ್ಲಿ ಬಾಡಿಗೆ ಎಂಬ ಸಾಲು ಇರುವುದಿಲ್ಲ. ವ್ಯಾಲಿಡಿಟಿಯೇ ಆ ಬಾಡಿಗೆ. ನಿಮ್ಮ ಹಣದ ಬಹುಪಾಲು ದಿನಗಳಿಗೆ ಹೋಗುತ್ತಿದೆ, ಜಿಬಿಗಳಿಗೆ ಹೋಗುವುದು ಅಲ್ಪ. ಹಿಂದಿನವರು ಬೆಲೆಯನ್ನು ದಿನಗಳಿಂದ ಭಾಗಿಸಿ ಎಂದದ್ದು ಈ ಕಾರಣಕ್ಕೇ ಸರಿಯಾಗುತ್ತದೆ.

ಇನ್ನು ಮೀಟರಿನ ವ್ಯತ್ಯಾಸ. ಇದರಲ್ಲಿ ದೊಡ್ಡ ಪಾಲು ಬಹುಶಃ ಎಂಬಿ ಎಂಬ ಮಾನದ್ದೇ. ಒಂದು ಎಂಬಿ ಎಂದರೆ ಕೆಲವು ಕಡೆ 10,00,000 ಬೈಟ್, ಕೆಲವು ಕಡೆ 1024ನ್ನು 1024ರಿಂದ ಗುಣಿಸಿದಾಗ ಬರುವ 10,48,576 ಬೈಟ್. ಈ ಗೊಂದಲ ನಿವಾರಿಸಲು ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗವು 1998ರಲ್ಲಿ ಎರಡನೆಯದಕ್ಕೆ ಮೆಬಿಬೈಟ್ ಎಂಬ ಬೇರೆ ಹೆಸರನ್ನೇ ಕೊಟ್ಟಿತು, ಆದರೆ ಗ್ರಾಹಕರಿಗೆ ತೋರಿಸುವ ಪರದೆಗಳಲ್ಲಿ ಆ ಹೆಸರು ಬಳಕೆಗೆ ಬರಲಿಲ್ಲ. ನಿಮ್ಮ ಫೋನ್ 1024ರ ಲೆಕ್ಕದಲ್ಲಿ 640 ಎಂದು ತೋರಿಸಿದರೆ, 1000ದ ಲೆಕ್ಕ ಹಿಡಿದ ಕಂಪನಿಯ ಪರದೆಯಲ್ಲಿ ಅದೇ ಬೈಟ್‌ಗಳು 671 ಎಂದು ಕಾಣುತ್ತವೆ. ನೀವು ಹೇಳಿದ 40ರಿಂದ 60ರ ವ್ಯತ್ಯಾಸದಲ್ಲಿ ಸುಮಾರು 30 ಇಲ್ಲೇ ಮುಗಿಯಿತು. ಜಿಬಿ ಮಟ್ಟದಲ್ಲಿ ಈ ಅಂತರ ಶೇಕಡಾ 7ಕ್ಕೂ ಮೀರುತ್ತದೆ, ಆದ್ದರಿಂದ ಪ್ಯಾಕಿನ ನಿಯಮಗಳಲ್ಲಿ 1 ಜಿಬಿ ಎಂದರೆ 1000 ಎಂಬಿಯೋ 1024 ಎಂಬಿಯೋ ಎಂದು ಬರೆದಿದೆಯೇ ನೋಡಿಕೊಳ್ಳಿ.

ಎರಡನೆಯ ಕಾರಣ ಎಣಿಸುವ ಜಾಗ. ಕಂಪನಿ ಎಣಿಸುವುದು ಜಾಲದ ಒಳಗಿನ ಗೇಟ್‌ವೇಯಲ್ಲಿ (ಕಂಪನಿಯ ಜಾಲ ಇಂಟರ್ನೆಟ್ಟಿಗೆ ಸೇರುವ ದ್ವಾರ), ನಿಮ್ಮ ಫೋನ್ ಎಣಿಸುವುದು ತನಗೆ ತಲುಪಿದ್ದನ್ನು. ಸಿಗ್ನಲ್ ದುರ್ಬಲವಾಗಿರುವ ಕಡೆ ಒಂದು ಪ್ಯಾಕೆಟ್, ಅಂದರೆ ಡೇಟಾದ ಒಂದು ಸಣ್ಣ ತುಣುಕು, ಗೇಟ್‌ವೇ ದಾಟಿದ ಮೇಲೆ ದಾರಿಯಲ್ಲಿ ಕಳೆದುಹೋದರೆ, ಸರ್ವರ್ ಅದನ್ನು ಮತ್ತೆ ಕಳುಹಿಸುತ್ತದೆ. ಗೇಟ್‌ವೇ ಅದನ್ನು ಎರಡು ಸಲ ಎಣಿಸುತ್ತದೆ, ಫೋನ್ ಒಂದೇ ಸಲ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ.

ಮೂರನೆಯ ಕಾರಣವನ್ನು ತುಸು ವಿವರವಾಗಿ ಹೇಳುತ್ತೇನೆ, ಏಕೆಂದರೆ ನೀವು ಉಳಿತಾಯಕ್ಕೆಂದು ಮಾಡುತ್ತಿರುವ ಕೆಲಸವೇ ನಷ್ಟಕ್ಕೆ ದಾರಿ ಮಾಡಿರಬಹುದು. ಫೋನ್ ಕರೆಗಳಿಗೆ ಪಲ್ಸ್ ಇರುವಂತೆ ಡೇಟಾಕ್ಕೂ ಪಲ್ಸ್ ಇರುತ್ತದೆ. ಪ್ರತಿ ಸಂಪರ್ಕದ ಕೊನೆಯಲ್ಲಿ ಬಳಕೆಯನ್ನು 10 ಕೆಬಿಗೋ, 100 ಕೆಬಿಗೋ, ಕೆಲವೊಮ್ಮೆ 1 ಎಂಬಿಗೋ ಮೇಲಕ್ಕೆ ಸರಿಹೊಂದಿಸುವ ನಿಯಮ ಅದು. 4ಜಿ ಜಾಲದಲ್ಲಿ ಡೇಟಾ ಆನ್ ಇರುವವರೆಗೆ ಸಂಪರ್ಕ ಒಂದೇ ಆಗಿ ಮುಂದುವರಿಯುತ್ತದೆ, ಹಾಗಾಗಿ ಇಂಥ ಸರಿಹೊಂದಿಸುವಿಕೆ ಅಪರೂಪಕ್ಕೆ ನಡೆಯುತ್ತದೆ. ನೀವು ಡೇಟಾವನ್ನು ಆಫ್ ಮಾಡಿ ಮತ್ತೆ ಆನ್ ಮಾಡಿದಾಗಲೆಲ್ಲ ಹಳೆಯ ಸಂಪರ್ಕ ಮುಗಿದು ಹೊಸದೊಂದು ತೆರೆಯುತ್ತದೆ. ಪಲ್ಸ್ 1 ಎಂಬಿ ಎಂದಾದರೆ, ಬರೇ 5 ಕೆಬಿಯ ಸಂದೇಶ ನೋಡಲು ಆನ್ ಮಾಡಿ ಆಫ್ ಮಾಡಿದರೂ 1 ಎಂಬಿ ಕಡಿತವಾಗುತ್ತದೆ. ದಿನಕ್ಕೆ ಹತ್ತು ಸಲ ಹೀಗೆ ಮಾಡುವವರ 50 ಕೆಬಿ ಬಳಕೆ ಕಂಪನಿಯ ಪುಸ್ತಕದಲ್ಲಿ 10 ಎಂಬಿ ಆಗಿ ಕೂರುತ್ತದೆ. ಹೆಚ್ಚು ಬಳಸುವವರಿಗೆ ಇದು ಗಮನಕ್ಕೂ ಬರುವುದಿಲ್ಲ. ದಿನಕ್ಕೆ 20 ಎಂಬಿ ಬಳಸುವವರಿಗೆ ಇದು ಅರ್ಧ ದಿನದ ಪಾಲು. ನಿಮ್ಮ ವ್ಯತ್ಯಾಸ ಅಷ್ಟು ದೊಡ್ಡದಿಲ್ಲವಾದ್ದರಿಂದ ನಿಮ್ಮ ಕಂಪನಿಯ ಪಲ್ಸ್ ಸಣ್ಣದೇ ಇರಬೇಕು, ಆದರೂ ಒಂದು ತಿಂಗಳು ಡೇಟಾವನ್ನು ಆನ್ ಇಟ್ಟು, ಅದರ ಬದಲು ಬೇಡದ ಆ್ಯಪ್‌ಗಳ ಹಿನ್ನೆಲೆ ಬಳಕೆಯನ್ನು ನಿರ್ಬಂಧಿಸಿ ನೋಡಿ.

ಉತ್ತರ 3 (ಸಮಪಾಲು)

ಮೇಲಿನ ಇಬ್ಬರ ಲೆಕ್ಕವನ್ನೂ ಒಪ್ಪುತ್ತೇನೆ, ಆದರೆ ವೆಚ್ಚವೇ ಎಲ್ಲವನ್ನೂ ವಿವರಿಸುತ್ತದೆ ಎಂಬ ಅಭಿಪ್ರಾಯ ಇಲ್ಲಿ ನೆಲೆಗೊಳ್ಳಬಾರದು ಎಂಬ ಕಾಳಜಿಯಿಂದ ಬರೆಯುತ್ತಿದ್ದೇನೆ.

ಗ್ರಾಹಕರೊಬ್ಬರನ್ನು ಜಾಲದಲ್ಲಿ ಉಳಿಸಿಕೊಳ್ಳಲು ತಗಲುವ ಸ್ಥಿರ ವೆಚ್ಚ ನಿಜ. ಆದರೆ ಅದೇ ವೆಚ್ಚ ವಾರದ ಪ್ಯಾಕಿನವರಿಗೂ ವರ್ಷದ ಪ್ಯಾಕಿನವರಿಗೂ ಹತ್ತಿರ ಹತ್ತಿರ ಒಂದೇ ಇರಬೇಕಲ್ಲವೇ? ರೀಚಾರ್ಜ್ ಕಮಿಷನ್ ಮತ್ತು ಪಾವತಿ ಶುಲ್ಕ ಪದೇ ಪದೇ ಬೀಳುತ್ತದೆ ಎಂದು ಸ್ವಲ್ಪ ಹೆಚ್ಚು ಹಿಡಿದರೂ, ಮೊದಲ ಉತ್ತರದ ಉದಾಹರಣೆಯಲ್ಲಿರುವಂತೆ 1.53 ಎಲ್ಲಿ, 4 ಎಲ್ಲಿ? ಅಂಥ ಅಂತರವಿದ್ದರೆ ಅದರಲ್ಲಿ ಒಂದು ಭಾಗ ಗ್ರಾಹಕರನ್ನು ಮೇಲಿನ ಪ್ಯಾಕಿಗೆ ಏರಿಸಲೆಂದೇ ಇಟ್ಟದ್ದು. ಸಣ್ಣ ಪ್ಯಾಕಿನ ಬೆಲೆಯನ್ನು ದೊಡ್ಡದರ ಸಮೀಪಕ್ಕೆ ತಂದು ನಿಲ್ಲಿಸಿದರೆ, ಇನ್ನೊಂದಿಷ್ಟು ಕೊಟ್ಟರೆ ಹಲವು ಪಟ್ಟು ಡೇಟಾ ಸಿಗುತ್ತದಲ್ಲ ಎಂದು ಅಗತ್ಯವಿಲ್ಲದವರೂ ದೊಡ್ಡದನ್ನೇ ಕೊಳ್ಳುತ್ತಾರೆ. ಉಳಿದುಹೋದ ಡೇಟಾ ಅವಧಿ ಮುಗಿದಾಗ ಅಳಿಸಿಹೋಗುವುದೂ ಈ ಬೆಲೆ ಕಟ್ಟುವ ಕ್ರಮದ ಭಾಗವೇ ಆಗಿದೆ. ಎಲ್ಲರೂ ಕೊಂಡದ್ದನ್ನೆಲ್ಲ ಬಳಸುತ್ತಾರೆ ಎಂದು ಲೆಕ್ಕ ಹಾಕಿ ದಿನಕ್ಕೆ 1 ಜಿಬಿಯ ಪ್ಯಾಕಿಗೆ ಯಾರೂ ಬೆಲೆ ಕಟ್ಟುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ವರ್ಷದ ಪ್ಯಾಕ್ ಅಗ್ಗ ಎಂಬ ಸಲಹೆ ವರ್ಷದ ಹಣವನ್ನು ಇಂದೇ ಕೈಯಲ್ಲಿ ಹಿಡಿದಿರುವವರಿಗೆ ಮಾತ್ರ ಸಲ್ಲುತ್ತದೆ. ದಿನದ ದುಡಿಮೆಯನ್ನು ದಿನಕ್ಕೆ ಖರ್ಚು ಮಾಡಬೇಕಾದವರು 20ನ್ನು ಒಮ್ಮೆಗೇ ಕೊಡಲಾರರು. ಕೈಯಲ್ಲಿ 1 ಇದ್ದಾಗ 1ರ ಪ್ಯಾಕನ್ನೇ ಕೊಳ್ಳುತ್ತಾರೆ. ಹೀಗೆ ಕಡಿಮೆ ಬಳಕೆ, ಕಡಿಮೆ ಹಣ ಎರಡೂ ಇರುವವರು ಅದೇ 560 ಎಂಬಿಗೆ ಅನುಕೂಲಸ್ಥರಿಗಿಂತ ಎರಡೂವರೆ ಪಟ್ಟು ತೆರುತ್ತಾರೆ. ಮಿತಬಳಕೆ ಅವರಿಗೆ ವರ್ಷದ ಪ್ಯಾಕ್ ಕೊಳ್ಳುವ ಶಕ್ತಿ ಇದ್ದರೆ ಖಂಡಿತ ಕೊಳ್ಳಲಿ, ಆದರೆ ಸಮಸ್ಯೆ ಬಗೆಹರಿಯಿತು ಎಂದು ನಾವು ತೀರ್ಮಾನಿಸುವುದು ಬೇಡ.

ಜಾಗತಿಕ ಮಟ್ಟದಲ್ಲಿ ಈ ವಿಷಯಕ್ಕೆ ಒಂದು ಅಳತೆಗೋಲು ಇದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಮತ್ತು ಯುನೆಸ್ಕೊ ಸೇರಿ 2010ರಲ್ಲಿ ಸ್ಥಾಪಿಸಿದ ಬ್ರಾಡ್‌ಬ್ಯಾಂಡ್ ಆಯೋಗವು ಅಭಿವೃದ್ಧಿಶೀಲ ದೇಶಗಳಲ್ಲಿ ಆರಂಭಿಕ ಮಟ್ಟದ ಬ್ರಾಡ್‌ಬ್ಯಾಂಡ್ ಸೇವೆಯ ಬೆಲೆ ತಲಾ ಮಾಸಿಕ ರಾಷ್ಟ್ರೀಯ ಆದಾಯದ ಶೇಕಡಾ 5ಕ್ಕಿಂತ ಕಡಿಮೆ ಇರಬೇಕೆಂದು ಮೊದಲು ಗುರಿ ಇಟ್ಟಿತ್ತು. 2018ರಲ್ಲಿ ಆ ಗುರಿಯನ್ನು ಶೇಕಡಾ 2ಕ್ಕೆ ಇಳಿಸಿ, 2025ರ ಗಡುವು ಹಾಕಿತು. ಮೊಬೈಲ್ ಡೇಟಾದ ಬೆಲೆಯನ್ನು ದೇಶದಿಂದ ದೇಶಕ್ಕೆ ಹೋಲಿಸಲು ಒಕ್ಕೂಟವು ತಿಂಗಳಿಗೆ ಒಂದು ಹಂತದಲ್ಲಿ 1.5 ಜಿಬಿ, ನಂತರ 2 ಜಿಬಿ ಎಂಬ ಪ್ರಮಾಣವನ್ನು ಇಟ್ಟುಕೊಂಡಿತು. ಇದು ಒಳ್ಳೆಯ ಪ್ರಯತ್ನ, ಆದರೆ ಎರಡು ಕೊರತೆಗಳಿವೆ. ಸರಾಸರಿ ಆದಾಯದ ಕಾಲುಭಾಗ ಮಾತ್ರ ಗಳಿಸುವ ಮನೆಗೆ ಆ ಶೇಕಡಾ 2 ಎಂಬುದು ಶೇಕಡಾ 8 ಆಗುತ್ತದೆ. ಇನ್ನು ತಿಂಗಳಿಗೆ 600 ಎಂಬಿ ಬಳಸುವವರು ಆ ಪ್ರಮಾಣದ ಲೆಕ್ಕದಲ್ಲಿ ಎಲ್ಲೂ ಕಾಣಿಸಿಕೊಳ್ಳುವುದಿಲ್ಲ. ಅವರಿಗೂ 2 ಜಿಬಿಯ ಬೆಲೆಯೇ ಕನಿಷ್ಠ ಬೆಲೆ ಎಂದಾಗಿಬಿಡುತ್ತದೆ.

ನಿಯಂತ್ರಕ ಸಂಸ್ಥೆಗಳು ಗ್ರಾಹಕರ ಅಭಿಪ್ರಾಯ ಕೇಳುವಾಗ ನಾವು ಒತ್ತಾಯಿಸಬೇಕಾದದ್ದು ಏನೆಂದರೆ, ಪ್ರತಿ ಪ್ಯಾಕಿನ ಮೇಲೂ ದಿನಕ್ಕೆ ಬೀಳುವ ಬೆಲೆಯನ್ನು ಎದ್ದು ಕಾಣುವಂತೆ ಮುದ್ರಿಸಬೇಕು, ಉಳಿದ ಡೇಟಾ ಮುಂದಿನ ರೀಚಾರ್ಜಿಗೆ ಸೇರಬೇಕು, ಮತ್ತು ಕಡಿಮೆ ಡೇಟಾ ಇದ್ದು ಹೆಚ್ಚು ದಿನ ಬರುವ ಪ್ಯಾಕ್ ಒಂದಾದರೂ ಪ್ರತಿ ಕಂಪನಿಯಲ್ಲೂ ಇರಬೇಕು. ಮೂರರಲ್ಲಿ ಕೊನೆಯದು ನನಗೆ ಅತಿ ಮುಖ್ಯ ಎನಿಸುತ್ತದೆ.

ಉತ್ತರ 4 (ಹಿನ್ನೆಲೆಬಳಕೆ)

ದೀರ್ಘಾವಧಿಯ ಪ್ಯಾಕ್ ಕೊಳ್ಳುವ ಮುನ್ನ, ಡೇಟಾ ಮುಗಿದ ಮೇಲೆ ಏನಾಗುತ್ತದೆ ಎಂಬುದನ್ನು ಓದಿಕೊಳ್ಳಿ. ಕೆಲವು ಪ್ಯಾಕ್‌ಗಳಲ್ಲಿ ಸಂಪರ್ಕ ನಿಲ್ಲುತ್ತದೆ, ಕೆಲವದರಲ್ಲಿ ವೇಗ ಇಳಿಯುತ್ತದೆ, ಇನ್ನು ಕೆಲವದರಲ್ಲಿ ಮುಖ್ಯ ಖಾತೆಯ ಬ್ಯಾಲೆನ್ಸಿನಿಂದ ಮೂಲ ದರದಲ್ಲಿ (ಪ್ಯಾಕ್ ಇಲ್ಲದಾಗಿನ ದರದಲ್ಲಿ) ಕಡಿತ ಶುರುವಾಗುತ್ತದೆ. ಮೂರನೆಯದು ಅಪಾಯಕಾರಿ, ಏಕೆಂದರೆ ಮೂಲ ದರ ಪ್ಯಾಕಿನ ದರಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುವುದುಂಟು, ಮತ್ತು ಗಮನಕ್ಕೆ ಬರುವಷ್ಟರಲ್ಲಿ ಬ್ಯಾಲೆನ್ಸ್ ಖಾಲಿಯಾಗಿರುತ್ತದೆ. ಹಾಗೆ ಕಡಿತವಾಗದಂತೆ ತಡೆಯುವ ಆಯ್ಕೆ ಇದೆಯೇ ಎಂದು ಗ್ರಾಹಕ ಸೇವೆಯವರನ್ನು ಕೇಳಿಕೊಳ್ಳಿ.

ವೇಗ ಇಳಿಯುವುದು ಎಂದರೆ ಎಷ್ಟೆಂಬ ಅಂದಾಜೂ ಇರಲಿ. ಸೆಕೆಂಡಿಗೆ 64 ಕಿಲೋಬಿಟ್ ಎಂದರೆ 8 ಕಿಲೋಬೈಟ್. ಈಗಿನ ಸಾಮಾನ್ಯ ಜಾಲಪುಟ 2 ಎಂಬಿ ಆಸುಪಾಸು ಇರುವುದರಿಂದ ಒಂದು ಪುಟ ಪೂರ್ತಿ ಬರಲು ನಾಲ್ಕು ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ. ಅಕ್ಷರದ ಸಂದೇಶಗಳು ಆ ವೇಗದಲ್ಲಿ ಸರಾಗವಾಗಿ ಹೋಗುತ್ತವೆ, ಆದರೆ ಬ್ಯಾಂಕಿನ ಪುಟ ಅಷ್ಟು ಹೊತ್ತು ಕಾಯದೆ ಲಾಗ್‌ಔಟ್ ಮಾಡಿಬಿಡುತ್ತದೆ.

ನಿಮ್ಮ 600 ಎಂಬಿ ಎಲ್ಲಿ ಹೋಗುತ್ತಿದೆ ಎಂಬುದನ್ನೂ ಅಂದಾಜು ಮಾಡಿದೆ. ವಿಡಿಯೊ ಕರೆಯಲ್ಲಿ ಎರಡೂ ದಿಕ್ಕಿಗೆ ಸೆಕೆಂಡಿಗೆ ತಲಾ 500 ಕಿಲೋಬಿಟ್ ಹರಿಯುತ್ತದೆ ಎಂದು ಹಿಡಿದರೆ ನಿಮಿಷಕ್ಕೆ 7.5 ಎಂಬಿ, ಹತ್ತು ನಿಮಿಷಕ್ಕೆ 75 ಎಂಬಿ, ನಾಲ್ಕು ವಾರಕ್ಕೆ 300 ಎಂಬಿ. ತಿಂಗಳಿಡೀ ಮಾಡುವ ಬಳಕೆಯಲ್ಲಿ ಅರ್ಧ ನಾಲ್ಕು ಕರೆಗಳಿಗೇ ಹೋಗುತ್ತಿದೆ. ಇದೇ ಮಾತನ್ನು ಧ್ವನಿ ಕರೆಯಲ್ಲಿ ಆಡಿದರೆ ನಿಮಿಷಕ್ಕೆ 1 ಎಂಬಿಯೂ ಆಗದು. ಆದರೆ ಮಗಳ ಮುಖ ನೋಡಿ ಮಾತನಾಡುವುದನ್ನು ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಡೇಟಾ ಕೊಳ್ಳುವುದು ಇಂಥದ್ದಕ್ಕೇ. ಉಳಿಸಬೇಕಾದದ್ದು ನಿಮ್ಮ ಕಣ್ಣಿಗೆ ಕಾಣದೆ ಹರಿದುಹೋಗುವ ಡೇಟಾವನ್ನು.

ಆ್ಯಂಡ್ರಾಯ್ಡ್‌ನಲ್ಲಿ 2016ರ 7ನೇ ಆವೃತ್ತಿಯಿಂದ ಡೇಟಾ ಸೇವರ್ ಇದೆ, ಐಫೋನಿನಲ್ಲಿ 2019ರ ಐಒಎಸ್ 13ರಿಂದ ಲೋ ಡೇಟಾ ಮೋಡ್ ಇದೆ. ಇವನ್ನು ಆನ್ ಮಾಡಿದರೆ ಹಿನ್ನೆಲೆಯ ಬಳಕೆ ಬಹುಮಟ್ಟಿಗೆ ತಗ್ಗುತ್ತದೆ. ಹಾಟ್‌ಸ್ಪಾಟ್ ಕೊಡುವ ಲ್ಯಾಪ್‌ಟಾಪನ್ನು ಮಾತ್ರ ಮರೆಯಬೇಡಿ. ಅದು ನಿಮ್ಮ ಫೋನನ್ನು ಸಾಮಾನ್ಯ ವೈಫೈ ಎಂದೇ ಭಾವಿಸಿ ಸಿಸ್ಟಮ್ ಅಪ್‌ಡೇಟ್ ಇಳಿಸಿಕೊಳ್ಳಲು ತೊಡಗಿದರೆ, ಒಂದೇ ಸಂಜೆಯಲ್ಲಿ ನಿಮ್ಮ ಎರಡು ತಿಂಗಳ ಡೇಟಾ ಹೋಗುತ್ತದೆ. ವಿಂಡೋಸ್‌ನಲ್ಲಿ ಆ ವೈಫೈ ಹೆಸರಿನ ಸೆಟ್ಟಿಂಗ್ಸ್ ತೆರೆದು ಮೀಟರ್ಡ್ ಕನೆಕ್ಷನ್ (ಡೇಟಾಕ್ಕೆ ಮಿತಿಯಿರುವ ಸಂಪರ್ಕ) ಎಂಬುದನ್ನು ಆನ್ ಮಾಡಿ. ಸಂದೇಶದ ಆ್ಯಪಿನಲ್ಲಿ ಫೋಟೊ, ವಿಡಿಯೊಗಳು ತಾವಾಗಿ ಇಳಿಯುವುದನ್ನೂ ನಿಲ್ಲಿಸಿ. ಇಮೇಲಿಗೆ ಕಡತ ಲಗತ್ತಿಸುವಾಗ ಇನ್ನೊಂದು ವಿಷಯ ನೆನಪಿರಲಿ: ಲಗತ್ತು ಅಕ್ಷರರೂಪಕ್ಕೆ ಬದಲಾಗಿ ಪ್ರಯಾಣ ಮಾಡುವುದರಿಂದ ಅದರ ಗಾತ್ರ ಮೂರನೇ ಒಂದರಷ್ಟು ಹಿಗ್ಗುತ್ತದೆ, 3 ಎಂಬಿಯ ಚಿತ್ರ 4 ಎಂಬಿ ಆಗಿ ಹೋಗುತ್ತದೆ.

ಪ್ರಶ್ನೆ ಕೇಳಿದವರ ಮರುಬರಹ (ಮಿತಬಳಕೆ)

ಎಲ್ಲರಿಗೂ ಕೃತಜ್ಞತೆಗಳು. ಒಂದು ತಿಂಗಳು ಪರೀಕ್ಷೆ ಮಾಡಿ ನೋಡಿ ಈಗ ಬರೆಯುತ್ತಿದ್ದೇನೆ.

ಗೇಟ್‌ವೇ ಅವರು ಹೇಳಿದಂತೆ ಡೇಟಾವನ್ನು ದಿನವಿಡೀ ಆನ್ ಇಟ್ಟು, ಡೇಟಾ ಸೇವರ್ ಹಾಕಿದೆ. ಫೋನಿನ ಲೆಕ್ಕ 540 ಎಂಬಿ, ಕಂಪನಿಯ ಲೆಕ್ಕ 572. ಮೊದಲ ಸಂಖ್ಯೆಯನ್ನು 1.048576ರಿಂದ ಗುಣಿಸಿದರೆ 566 ಬರುತ್ತದೆ, ಅಂದರೆ ವಿವರಿಸಲಾಗದೆ ಉಳಿದದ್ದು ಬರೇ 6 ಎಂಬಿ. ಇಷ್ಟು ದಿನ ಕಂಪನಿ ನನ್ನಿಂದ ಅನ್ಯಾಯವಾಗಿ ಕಡಿತ ಮಾಡುತ್ತಿದೆ ಎಂದು ನಂಬಿದ್ದೆ. ಆ ಸಂಶಯ ತೀರಿತು. ಆಫ್ ಮಾಡಿ ಆನ್ ಮಾಡುವ ಅಭ್ಯಾಸದಿಂದ ಉಳಿತಾಯವೇನೂ ಆಗುತ್ತಿರಲಿಲ್ಲ ಎಂಬುದೂ ಗೊತ್ತಾಯಿತು.

ಲ್ಯಾಪ್‌ಟಾಪಿನಲ್ಲಿ ಮೀಟರ್ಡ್ ಕನೆಕ್ಷನ್ ಆನ್ ಆಗಿರಲಿಲ್ಲ. ಇಷ್ಟು ದಿನ ದೊಡ್ಡ ಅಪ್‌ಡೇಟ್ ಬರದೆ ಇದ್ದದ್ದು, ಅಥವಾ ನಾನು ಹಾಟ್‌ಸ್ಪಾಟ್ ಕೊಟ್ಟ ಹೊತ್ತು ಕಡಿಮೆ ಇದ್ದದ್ದು ನನ್ನ ಅದೃಷ್ಟ. ಈಗ ಸರಿಪಡಿಸಿದ್ದೇನೆ.

ಪ್ಯಾಕ್‌ಗಳನ್ನು ದಿನದ ಬೆಲೆಯ ಪ್ರಕಾರ ಹೋಲಿಸಿದಾಗ ನಮ್ಮ ಕಂಪನಿಯಲ್ಲೂ ಉದಾಹರಣೆಯಲ್ಲಿದ್ದ ಅನುಕ್ರಮವೇ ಬಂತು, ವಾರದ ಪ್ಯಾಕ್ ಮತ್ತು ದಿನಮಿತಿಯ ಪ್ಯಾಕ್ ಮಾತ್ರ ಸ್ಥಾನ ಬದಲಿಸಿಕೊಂಡವು. ವರ್ಷದ್ದು ಆ್ಯಪಿನ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗೆ, ಇತರೆ ಎಂಬ ಶೀರ್ಷಿಕೆಯಡಿ ಇತ್ತು. ಆದರೂ ವರ್ಷದ ಹಣವನ್ನು ಒಮ್ಮೆಗೇ ಕೊಡಲು ಈ ಸಲ ಮನಸ್ಸು ಒಪ್ಪಲಿಲ್ಲ. ಇಲ್ಲಿನ ಸಿಗ್ನಲ್ ಮಳೆಗಾಲದಲ್ಲಿ ಹೇಗಿರುತ್ತದೆ ಎಂಬುದನ್ನು ನೋಡಬೇಕಾಗಿದೆ. 84 ದಿನದ ಪ್ಯಾಕ್ ಹಾಕಿಸಿಕೊಂಡಿದ್ದೇನೆ. ಸಮಪಾಲು ಅವರ ಮಾತು ಮನಸ್ಸಿನಲ್ಲಿ ಉಳಿದಿದೆ. ನನಗೆ ಆಯ್ಕೆ ಇತ್ತು, ಪರಿಚಯದವರೊಬ್ಬರು ವಾರ ವಾರವೂ ಅದೇ ಸಣ್ಣ ಪ್ಯಾಕ್ ಹಾಕಿಸಿಕೊಳ್ಳುವುದನ್ನು ನೋಡಿದಾಗ ಈಗ ಬೇರೆ ರೀತಿಯಲ್ಲಿ ಅರ್ಥವಾಗುತ್ತಿದೆ. ಅವರಿಗೆ 28 ದಿನದ ಪ್ಯಾಕಿಗೆ ಬೇಕಾದಷ್ಟು ಮುಂಗಡ ಕೊಟ್ಟು, ವಾರ ವಾರ ಹಿಂದಕ್ಕೆ ಪಡೆಯುತ್ತೇನೆಂದು ಹೇಳಿದ್ದೇನೆ.

ಉಳಿದಿರುವುದು ಒಂದೇ ಸಂಶಯ. 84 ದಿನ ಮುಗಿಯುವ ಮೊದಲೇ ಹೊಸ ಪ್ಯಾಕ್ ಹಾಕಿಸಿದರೆ ಹಳೆಯದರಲ್ಲಿ ಉಳಿದ ಡೇಟಾ ಹೊಸದಕ್ಕೆ ಸೇರುತ್ತದೆಯೇ?

ಉತ್ತರ 5 (ಗೇಟ್‌ವೇ)

ಅದು ಕಂಪನಿಯ ನಿಯಮದ ಮೇಲೆ ನಿಂತಿದೆ. ಚಾರ್ಜಿಂಗ್ ವ್ಯವಸ್ಥೆಯಲ್ಲಿ ಪ್ರತಿ ಪ್ಯಾಕೂ ಬೇರೆ ಬೇರೆ ಪಾತ್ರೆ ಇದ್ದ ಹಾಗೆ. ಉಳಿದದ್ದು ಮುಂದುವರಿಯುತ್ತದೆ ಎಂಬ ನಿಯಮವಿದ್ದರೆ, ಅವಧಿ ಮುಗಿಯುವ ಮುನ್ನ ರೀಚಾರ್ಜ್ ಮಾಡಿದಾಗ ಹಳೆಯ ಪಾತ್ರೆಯ ಅವಧಿಯೂ ಹೊಸದರಷ್ಟೇ ವಿಸ್ತರಿಸುತ್ತದೆ. ಇಲ್ಲವಾದರೆ ಎರಡೂ ಪಾತ್ರೆಗಳು ಅಕ್ಕಪಕ್ಕ ಇರುತ್ತವೆ, ಸಾಮಾನ್ಯವಾಗಿ ಮೊದಲು ಅವಧಿ ಮುಗಿಯುವುದರಿಂದ ಕಡಿತವಾಗುತ್ತದೆ, ಮತ್ತು ಹಳೆಯದರಲ್ಲಿ ಉಳಿದದ್ದು ತನ್ನ ದಿನಕ್ಕೆ ಅಳಿಸಿಹೋಗುತ್ತದೆ. ಇನ್ನೊಂದು ಬಗೆಯೂ ಇದೆ: ಹೊಸ ಪ್ಯಾಕ್ ಸರದಿಯಲ್ಲಿ ಕಾದು ನಿಂತು, ಹಳೆಯದು ಮುಗಿದ ಮೇಲೆ ಶುರುವಾಗುತ್ತದೆ. ಹಾಗಿದ್ದರೆ ಮುಂಚಿತವಾಗಿ ರೀಚಾರ್ಜ್ ಮಾಡಿದರೂ ದಿನಗಳು ನಷ್ಟವಾಗುವುದಿಲ್ಲ.

ನಿಯಮಗಳ ಪುಟದಲ್ಲಿ ಇದು ಸ್ಪಷ್ಟವಾಗಿ ಸಿಗದಿದ್ದರೆ, 84ನೆಯ ದಿನಕ್ಕೆ ಒಂದೆರಡು ದಿನ ಮೊದಲು ರೀಚಾರ್ಜ್ ಮಾಡಿ, ಕೂಡಲೇ ಬ್ಯಾಲೆನ್ಸ್ ನೋಡಿ. ಉಳಿಕೆ ಒಂದೇ ಸಾಲಿನಲ್ಲಿ ಹೊಸ ದಿನಾಂಕದೊಂದಿಗೆ ಕಂಡರೆ ಸೇರಿದೆ ಎಂದರ್ಥ. ಎರಡು ಸಾಲು, ಎರಡು ದಿನಾಂಕ ಕಂಡರೆ ಸೇರಿಲ್ಲ. ಆಗ ಉಳಿದ ಒಂದೆರಡು ದಿನದಲ್ಲಿ ಲ್ಯಾಪ್‌ಟಾಪಿನ ಬಾಕಿ ಅಪ್‌ಡೇಟ್‌ಗಳನ್ನು ಹಳೆಯ ಪ್ಯಾಕಿನಿಂದಲೇ ಇಳಿಸಿಕೊಳ್ಳಿ.